ಬಿಸಿಲಿಗಿಟ್ಟ ಡೊಳ್ಳು

ನಾನು ಒಂದು ಡೊಳ್ಳು. ಹಾವೇರಿ ಸೀಮೆಯ ಒಂದು ಊರಿನಲ್ಲಿ ಮಾವಿನ ದಿಮ್ಮಿಯ ಹೊಟ್ಟೆ ಕೊರೆದು, ಎರಡೂ ಬಾಯಿಗೆ ಆಡಿನ ಚರ್ಮ ಬಿಗಿದು ನನ್ನನ್ನು ಮಾಡಿದರು. ನನ್ನ ಒಡಲು ಪೊಳ್ಳು. ಅದರಿಂದಲೇ ನನಗೆ ದನಿ, ಹಾಗಾಗಿ ನಾಚಿಕೆಯೇನೂ ಇಲ್ಲ.

ಮೊದಲು ನನ್ನನ್ನು ಹೊತ್ತವನು ಹಾಲಪ್ಪ. ಕೂಗಿದರೆ ಮೂರು ಓಣಿಗೆ ಕೇಳುವ ಗಂಟಲು, ಕುಣಿದರೆ ಮಣ್ಣೇಳುವ ಕಾಲು. ಅವನ ಹೆಗಲು ಸೋತಾಗ ಮಗಳು ಮಾಳವ್ವ ನನ್ನನ್ನು ಎತ್ತಿಕೊಂಡಳು. "ಹೆಣಮಕ್ಕಳಿಗ್ಯಾಕ ಡೊಳ್ಳು" ಎಂದವರ ಎದುರಿಗೇ ಹತ್ತು ಹೆಂಗಸರ ತಂಡ ಕಟ್ಟಿದಳು. ನಿಜ ಹೇಳಲೇ? ಹಾಲಪ್ಪ ನನ್ನನ್ನು ಬಾರಿಸುತ್ತಿದ್ದ. ಮಾಳವ್ವ ನನ್ನನ್ನು ಮಾತಾಡಿಸುತ್ತಿದ್ದಳು.

ಡೊಳ್ಳಿಗೆ ಒಂದು ಕಟ್ಟಳೆ ಇದೆ. ಕುಣಿತಕ್ಕೆ ಮುನ್ನ ಬಿಸಿಲಿಗೆ ಇಡಬೇಕು. ಚರ್ಮ ಕಾದು ಬಿಗಿದಾಗಲೇ ಹದ. ಮಾಳವ್ವ ಪಕ್ಕದಲ್ಲೇ ಕುಳಿತು, ಬೆರಳಿನಿಂದ ತಟ್ಟಿ, ಕಿವಿಗೊಟ್ಟು, "ಇನ್ನೊಂಚೂರು ಕಾಯಲಿ" ಎನ್ನುತ್ತಿದ್ದಳು.

ಆಮೇಲೆ ಅವಳ ಕರುಳಿಗೆ ಬೇನೆ ಬಂತು. ದಿನಕ್ಕೆ ಹತ್ತು ಸಲ ಭೇದಿಯಾಗುವುದು, ರಕ್ತ ಬೀಳುವುದು. ದೊಡ್ಡಾಸ್ಪತ್ರೆಯಲ್ಲಿ ಕರುಳಿನ ಉರಿಯೂತ ಎಂದು ಹೇಳಿ, ಸ್ಟೆರಾಯ್ಡ್ ಗುಳಿಗೆ ಬರೆದು, ತಿಂಗಳು ಬಿಟ್ಟು ಬರಲು ಹೇಳಿದರು. ವಾರಕ್ಕೇ ಹೊಟ್ಟೆ ತಣ್ಣಗಾಯಿತು. ಮಾಳವ್ವ ತಿರುಗಿ ಹೋಗಲಿಲ್ಲ. ಹಳೆಯ ಚೀಟಿ ತೋರಿಸಿ ಅಂಗಡಿಯಿಂದ ಅದೇ ಗುಳಿಗೆ ತಂದು ಎರಡು ವರ್ಷ ನುಂಗಿದಳು. ಹಿರಿಯರ ಮಾತು ಕೇಳಿ ಹಾಲು, ಮೊಸರು ಬಿಟ್ಟಳು. ಹೊಟ್ಟೆ ಮತ್ತೆ ಯಾವಾಗ ಕೈಕೊಡುತ್ತದೋ ಎಂದು ಮನೆಯೊಳಗೇ ಉಳಿದು, ಅಂಗಳದ ಬಿಸಿಲು ಕಾಣದೆ ಎಷ್ಟೋ ದಿನ ಕಳೆದಳು. ಗೂಟದಲ್ಲಿ ತೂಗುತ್ತ ನಾನು ಅವಳ ಹೆಗಲಿಗಾಗಿ ಹಂಬಲಿಸಿದೆ.

ಒಂದು ಬೆಳಿಗ್ಗೆ ಶಾಲೆಯ ಸಮಾರಂಭಕ್ಕೆ ಕರೆ ಬಂತು. ಮಾಳವ್ವ ನಗುತ್ತ ಬಂದು ನನ್ನನ್ನು ಎತ್ತಿದಳು. ಅವಳ ಬೆನ್ನಿನಲ್ಲಿ ಏನೋ ಕಳಕ್ಕೆಂದಿತು. ಇಬ್ಬರೂ ನೆಲಕ್ಕೆ ಬಿದ್ದೆವು; ನನ್ನ ಒಂದು ಬಾಯಿಯ ಚರ್ಮ ಹರಿಯಿತು. ನಾನೇ ಅವಳ ಬೆನ್ನು ಮುರಿದೆ ಎಂದುಕೊಂಡೆ.

ಆಸ್ಪತ್ರೆಯಿಂದ ಬಂದ ಹಾಲಪ್ಪ ತಂಡದವಳೇ ಆದ ನೆರೆಮನೆಯ ದ್ಯಾಮವ್ವನಿಗೆ ಹೇಳುವುದನ್ನು ಕೇಳಿಸಿಕೊಂಡೆ. "ಡೊಳ್ಳಿಂದಲ್ಲಂತವಾ. ಕರುಳ ಬ್ಯಾನಿ, ಆ ಗುಳಿಗಿ ಎರಡೂ ಕೂಡಿ ಎಲುಬು ಮೊದಲ ಪೊಳ್ಳಾಗಿತ್ತಂತ. ಗುಳಿಗಿ ಒಮ್ಮೆಲೇ ಬಿಡಂಗಿಲ್ಲ, ಡಾಕ್ಟರ್ ಹೇಳಿದ್ಹಂಗ ಇಳಿಸ್ಕೋತ ಬರಬೇಕು. ಸೇರಿದಷ್ಟು ಹಾಲು ಕುಡಿಬೇಕು, ಬಿಸಲಾಗ ಕುಂದರಬೇಕು. ಡೊಳ್ಳು ಮಾತ್ರ ಇನ್ನ ಎತ್ತಂಗಿಲ್ಲ."

ಪೊಳ್ಳಾಗಿದ್ದರಿಂದಲೇ ನನ್ನ ಬಾಳು ನಡೆದಿತ್ತು. ಅವಳದು ನಿಂತೇಹೋಯಿತಲ್ಲ ಎಂದು ಸಂಕಟವಾಯಿತು.

ಮಾಳವ್ವ ಗೋಡೆಗೆ ಮುಖ ಮಾಡಿ ಮಲಗಿದಳು. ಯಾರು ಕರೆದರೂ ಹೊರಗೆ ಬರಲಿಲ್ಲ. ಆಗ ಹಾಲಪ್ಪ ಏದುಸಿರು ಬಿಡುತ್ತ ನನ್ನನ್ನು ಅಂಗಳಕ್ಕೆ ತಂದಿಟ್ಟ. "ಮರ ಆರಬೇಕು, ಆಮ್ಯಾಲ ಹೊಸ ಚರ್ಮ ಹಾಕ್ಸೋಣು. ಆಡು ಬಂದು ಹಗ್ಗ ತಿಂತಾವ, ಸ್ವಲ್ಪ ಕಾಯವಾ" ಎಂದ. ನಾನು ನಲವತ್ತು ವರ್ಷದ ಹಿಂದೆಯೇ ಆರಿದ ಮರ. ಅದು ಮಾಳವ್ವನಿಗೂ ಗೊತ್ತು. ಆದರೂ ಗೋಡೆ ಹಿಡಿದುಕೊಂಡು ಬಂದು ಕುಳಿತಳು. ಮರುದಿನವೂ ಬಂದಳು.

ವರ್ಷದ ಮೇಲೆ ಸ್ಕ್ಯಾನ್ ಮಾಡಿದಾಗ ಎಲುಬು ತುಸು ಸುಧಾರಿಸಿತ್ತು. ನನಗೂ ಹೊಸ ಚರ್ಮ ಬಂತು. ದ್ಯಾಮವ್ವ ನನ್ನನ್ನು ಎತ್ತಿಕೊಂಡಾಗ ಮಾಳವ್ವ ತಾನೇ ಹಗ್ಗವನ್ನು ಅವಳ ಹೆಗಲ ಮೇಲೆ ಸರಿಮಾಡಿದಳು, ಆಮೇಲೆ ಮುಖ ತಿರುಗಿಸಿಕೊಂಡಳು. ಅಂದು ನಾನೂ ಸರಿಯಾಗಿ ನುಡಿಯಲಿಲ್ಲ.

ಈಗ ನನಗೆ ಮುಪ್ಪು. ಮೈಯಲ್ಲಿ ಒಂದೆರಡು ಬಿರುಕು. ದ್ಯಾಮವ್ವನ ಹೆಗಲು ಗಟ್ಟಿ, ಕೈ ಚುರುಕು, ದೂರುವಂಥದ್ದೇನಿಲ್ಲ. ಆದರೆ ಅದು ಮಾಳವ್ವನ ಹೆಗಲಲ್ಲ. ಹದ ನೋಡುವ ಕೆಲಸ ಮಾತ್ರ ಇಂದಿಗೂ ಅವಳದೇ. ಪಕ್ಕದಲ್ಲಿ ಕುಳಿತು, ಬೆರಳಿನಿಂದ ತಟ್ಟಿ, ಕಿವಿಗೊಡುತ್ತಾಳೆ. "ಇದಕ್ಕೂ ವಯಸ್ಸಾತು, ಮೊದಲಿನಂಗ ಲಗೂ ಹದಕ್ಕ ಬರೂದಿಲ್ಲ" ಎನ್ನುತ್ತಾಳೆ.

ವಯಸ್ಸಿನಿಂದಲ್ಲ. ನಾನು ಹದಕ್ಕೆ ಬಂದರೆ ಅವಳು ಎದ್ದು ನೆರಳಿಗೆ ಹೋಗುತ್ತಾಳೆ. ಅದಕ್ಕೇ ನಿಧಾನವಾಗಿ ಬಿಗಿಯುತ್ತೇನೆ.