ಕೊನೆಯ ಏಳು ನಿಮಿಷ

ತಿಂಗಳ ಎರಡನೇ ಭಾನುವಾರ ಮಧ್ಯಾಹ್ನ ಕೊಪ್ಪದ ಬಸ್‌ಸ್ಟ್ಯಾಂಡಿನ ಎದುರಿನ ಹೋಟೆಲಿನಲ್ಲಿ ನಾಲ್ಕು ಜನ ಸೇರುತ್ತಿದ್ದರು. ದೆವ್ವದ ಸಿನಿಮಾ ನೋಡುವ ಹುಚ್ಚೊಂದನ್ನು ಬಿಟ್ಟರೆ ಆ ನಾಲ್ವರನ್ನು ಒಂದೇ ಮೇಜಿಗೆ ತರುವಂಥದ್ದು ಬೇರೆ ಏನೂ ಇರಲಿಲ್ಲ. ಅನ್ವರ್ ಊರಲ್ಲೇ ಚಪ್ಪಲಿ ಅಂಗಡಿ ಇಟ್ಟವನು. ಲೋಕೇಶ ಶೃಂಗೇರಿ ಲೈನಿನ ಬಸ್ ಕಂಡಕ್ಟರ್. ತಸ್ಮಿಯಾ ನರಸಿಂಹರಾಜಪುರದವಳು, ಅಣ್ಣ ಅಮ್ಜದ್‌ನ ಮೆಡಿಕಲ್ ಶಾಪಿನ ಕೌಂಟರಿನಲ್ಲಿ ಹನ್ನೆರಡು ವರ್ಷದಿಂದ ನಿಂತವಳು. ನಾಲ್ಕನೆಯವರು ವಿದ್ಯಾಶಂಕರ, ಶೃಂಗೇರಿಯ ಒಂದು ಸಣ್ಣ ಪ್ರೆಸ್ಸಿಗೆ ಪ್ರೂಫ್ ತಿದ್ದುವವರು. ವಯಸ್ಸು ಐವತ್ತೈದು ದಾಟಿತ್ತು. ಹಣೆಗೆ ವಿಭೂತಿ ಹಚ್ಚಿಕೊಂಡು ಬಂದು, ಕಾಫಿ ಗುಟುಕರಿಸುತ್ತ, ಕೊರಿಯಾದ ಪಿಶಾಚಿಗೂ ಮಲಯಾಳದ ಪಿಶಾಚಿಗೂ ಇರುವ ಸ್ವಭಾವದ ವ್ಯತ್ಯಾಸ ಹೇಳುವ ಮನುಷ್ಯ.

ಪ್ರತಿ ತಿಂಗಳು ಒಬ್ಬರು ಒಂದು ಸಿನಿಮಾ ಆರಿಸಬೇಕು. ಉಳಿದವರು ಅದನ್ನು ನೋಡಿಕೊಂಡು ಬರಬೇಕು. ವಾಟ್ಸಾಪ್‌ನಲ್ಲಿ ಅವರ ಗುಂಪಿಗೆ ಅನ್ವರ್ 'ಅಂಜುಬುರುಕರು' ಎಂದು ಹೆಸರಿಟ್ಟಿದ್ದ. ಅವನಿಗೆ ರಕ್ತ ಜಾಸ್ತಿ ಹರಿದರೆ ಸಿನಿಮಾ ಚೆನ್ನ. ಲೋಕೇಶನಿಗೆ ಕೊನೆಗೆ ಮಂತ್ರವಾದಿ ಗೆಲ್ಲಬೇಕು. ತಸ್ಮಿಯಾ ಮಾತ್ರ ವಿದ್ಯಾಶಂಕರರ ಜೊತೆ ಸರಿಸಮ ಜಗಳಕ್ಕೆ ನಿಲ್ಲುತ್ತಿದ್ದಳು.

"ಸತ್ತ ಹೆಂಗಸೇ ಯಾಕೆ ಯಾವಾಗ್ಲೂ ದೆವ್ವ ಆಗ್ಬೇಕು? ಬದುಕಿದ್ದಾಗ ಒಂದು ಮಾತಾಡೋಕೆ ಬಿಡಲ್ಲ, ಸತ್ತ ಮೇಲೆ ಕಿರುಚೋಕೆ ಬಿಡ್ತಾರೆ," ಎಂದು ಅವಳು ಒಮ್ಮೆ ಹೇಳಿದಾಗ ವಿದ್ಯಾಶಂಕರ ಟೇಬಲ್ ತಟ್ಟಿ, "ಇದನ್ನ ಬರೆದಿಡು ಮಾರಾಯ್ತಿ, ನಾನು ಪ್ರೂಫ್ ನೋಡಿ ಕೊಡ್ತೇನೆ," ಎಂದಿದ್ದರು. ಆ ಮಾತಿನ ಖುಷಿಯಲ್ಲಿ ಅವಳು ಒಂದು ವಾರ ತೇಲಾಡಿದ್ದಳು. ಮನೆಯಲ್ಲಿ ಅವಳ ಅಭಿಪ್ರಾಯ ಕೇಳುವವರು ಯಾರೂ ಇರಲಿಲ್ಲ.

ವಿದ್ಯಾಶಂಕರ ಕಡೆಯಲ್ಲಿ ಮಾತಾಡುತ್ತಿದ್ದರು. ಈಚೆಗೆ ಒಂದು ವರ್ಷದಿಂದ ಅವರ ಮಾತೆಲ್ಲ ಸದ್ದಿನ ಮೇಲೇ ಇರುತ್ತಿತ್ತು. ಯಾವುದೋ ಬಾವಿಯ ಸಿನಿಮಾದಲ್ಲಿ, ದೆವ್ವ ಬರುವ ಮೊದಲು ಜೀರುಂಡೆಗಳು ಒಂದೊಂದಾಗಿ ಸುಮ್ಮನಾಗುತ್ತವೆ ಎಂದು ಅವರು ಹೇಳಿದ ಮೇಲೆ ಉಳಿದವರು ಮನೆಗೆ ಹೋಗಿ ಮತ್ತೆ ಹಾಕಿ ಕೇಳಿದ್ದರು. ನಿಜವೇ ಆಗಿತ್ತು. ಇವರ ಕಿವಿಯೇ ಕಿವಿ ಎಂದು ಎಲ್ಲರೂ ಮೆಚ್ಚಿದರು. ಯಾಕೆ ಹೀಗೆ ಎಂದು ಯಾರೂ ಕೇಳಲಿಲ್ಲ.

ಆ ಮಾರ್ಚಿನ ಸಿನಿಮಾ ತಸ್ಮಿಯಾಳ ಆಯ್ಕೆ. ಬೆಟ್ಟದ ಮೇಲೆ ಮುಚ್ಚಿಹೋದ ಕ್ಷಯರೋಗದ ಆಸ್ಪತ್ರೆ, ಅದನ್ನು ಕಾಯುವ ಒಬ್ಬ ಮುದುಕ, ಇಡೀ ಸಿನಿಮಾದಲ್ಲಿ ಹತ್ತು ಹದಿನೈದು ಮಾತು ಅಷ್ಟೆ. ಕೊನೆಯ ಏಳು ನಿಮಿಷದಲ್ಲಿ ಮಾತೂ ಇಲ್ಲ, ಸಂಗೀತವೂ ಇಲ್ಲ. ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತಿನಲ್ಲಿ ಕೌಂಟರಿನ ಹಿಂದೆ ಕೂತು ಅವಳು ಆ ಏಳು ನಿಮಿಷವನ್ನು ಮೂರು ಸಲ ನೋಡಿದ್ದಳು. ವಿದ್ಯಾಶಂಕರ ಏನು ಹೇಳಬಹುದು ಎಂದು ಭಾನುವಾರಕ್ಕಾಗಿ ದಿನ ಎಣಿಸಿದ್ದಳು.

"ಒಳ್ಳೆ ಆಯ್ಕೆ," ಎಂದರು ವಿದ್ಯಾಶಂಕರ, ತಮ್ಮ ಸರದಿ ಬಂದಾಗ. "ಆದ್ರೆ ಕೊನೆಗೆ ಡೈರೆಕ್ಟರ್ ಮೆತ್ತಗಾದ ನೋಡು. ಅಷ್ಟೆಲ್ಲ ಹೆದರಿಸಿ ಮುದುಕನ್ನ ಉಳಿಸಿಬಿಟ್ಟ. ಅವ ಎದ್ದು, ಬಾಗಿಲು ತೆಗೆದು ಹೊರಗೆ ಹೋದ. ಅಷ್ಟು ಕರುಣೆ ಬೇಕಿರ್ಲಿಲ್ಲ."

ಅನ್ವರ್ ಮತ್ತು ಲೋಕೇಶ ಮುಖ ಮುಖ ನೋಡಿಕೊಂಡರು.

"ಯಾರು ಹೊರಗೆ ಹೋದದ್ದು ವಿದ್ಯಣ್ಣ?" ತಸ್ಮಿಯಾ ಕೇಳಿದಳು.

"ಮುದುಕ."

"ಮುದುಕ ಎಲ್ಲಿದ್ದ ಕೊನೆಗೆ?"

"ಹೊರಗೆ ಹೋದ ಅಂದ್ನಲ್ಲ."

"ಅವನ ಹಿಂದೆ ಗೂಟದಲ್ಲಿ ಏನು ತೂಗ್ತಿತ್ತು? ಯಾವ ಬಣ್ಣ ಅದು?"

ಅವರು ಕಾಫಿ ಲೋಟದ ಸುತ್ತ ಬೆರಳಾಡಿಸಿದರು. ತಸ್ಮಿಯಾಳಿಗೆ ಸಿಟ್ಟಿಗಿಂತ ಹೆಚ್ಚಾಗಿ ಮೋಸ ಹೋದಂತಾಯಿತು. ಇಷ್ಟು ದಿನ ಯಾರ ಮೆಚ್ಚುಗೆಗೆ ಕಾದಳೋ ಅವರು ಸಿನಿಮಾ ನೋಡೇ ಇಲ್ಲ.

"ನೋಡದೆ ಬಂದು ಭಾಷಣ ಮಾಡ್ತೀರಾ? ಎಲ್ಲೋ ಓದ್ಕೊಂಡು ಬಂದು ಹೇಳ್ತೀರಾ? ಇಷ್ಟು ತಿಂಗಳಿಂದ್ಲೂ ಹೀಗೆಯಾ?"

ಅನ್ವರ್ ಜೋರಾಗಿ ನಕ್ಕ. "ಸಿಕ್ಕಿಬಿದ್ರಿ ಭಟ್ರೆ! ತಪ್ಪು ಹುಡ್ಕೋರದ್ದೇ ತಪ್ಪು ಸಿಕ್ತು!"

ವಿದ್ಯಾಶಂಕರ ಏಳಲು ಹೋದರು. ಕೈ ಲೋಟಕ್ಕೆ ಬಡಿದು ಕಾಫಿ ಮೇಜಿನ ಮೇಲೆಲ್ಲ ಹರಿಯಿತು, ಅವರ ಬಿಳಿ ಪಂಚೆಗೂ ಆಯಿತು. "ಬಸ್ಸಿಗೆ ಹೊತ್ತಾಯ್ತು," ಎಂದಷ್ಟೇ ಹೇಳಿ ಗೋಡೆ ಹಿಡಿದುಕೊಂಡು ಹೊರಟರು. ನಾಚಿಕೆಗೆ ತಡವರಿಸುತ್ತಿದ್ದಾರೆ ಎಂದು ತಸ್ಮಿಯಾ ಅಂದುಕೊಂಡಳು. ಅವಳಿಗೆ ಆ ಹೊತ್ತಿನಲ್ಲಿ ಗೆದ್ದ ಸಮಾಧಾನವೂ ಇತ್ತು.

ಸಂಜೆಯೊಳಗೆ ಅವರು ವಾಟ್ಸಾಪ್ ಗುಂಪು ಬಿಟ್ಟಿದ್ದರು.

ಮರುದಿನ ಲೋಕೇಶ ಫೋನ್ ಮಾಡಿದ. ಅವನ ದನಿಯಲ್ಲಿ ಎಂದಿನ ತಮಾಷೆ ಇರಲಿಲ್ಲ.

"ತಸ್ಮಿಯಾ, ನಿನ್ನೆ ನಾನು ಅವರ ಹಿಂದೇ ಬಂದೆ. ಶೃಂಗೇರಿ ಬೋರ್ಡು ಹಾಕಿದ ಬಸ್ಸಿನ ಮುಂದೆ, ಇಷ್ಟು ಹತ್ರ ನಿಂತು, ಅಲ್ಲಿದ್ದ ಹೆಂಗಸ್ರ ಹತ್ರ ಕೇಳಿದ್ರು, ಇದು ಎಲ್ಲಿಗೆ ಹೋಗೋ ಬಸ್ಸು ಅಂತ. ಆಮೇಲೆ ಮೆಟ್ಟಿಲನ್ನ ಕಾಲಲ್ಲಿ ಹುಡುಕಿದ್ರು. ನಾನು ದಿನಾ ನೂರಾರು ಜನ ಹತ್ತಿಸ್ತೇನೆ. ನಂಗೆ ಗೊತ್ತಾಗ್ತದೆ ಮಾರಾಯ್ತಿ. ಅವ್ರಿಗೆ ಕಣ್ಣು ಕಾಣಲ್ಲ."

ತಸ್ಮಿಯಾ ಫೋನ್ ಹಿಡಿದುಕೊಂಡೇ ಸ್ಟೂಲಿನ ಮೇಲೆ ಕೂತಳು. ಈಗ ಒಂದೊಂದೇ ನೆನಪಾಯಿತು. ಕಳೆದ ಮಳೆಗಾಲದಿಂದ ಅವರು ಮೊಬೈಲ್ ತೆಗೆದದ್ದನ್ನು ಅವಳು ನೋಡಿರಲಿಲ್ಲ. ತಿಂಡಿ ಏನಿದೆ ಎಂದು ಗೋಡೆಯ ಬೋರ್ಡು ನೋಡದೆ ಮಾಣಿಯನ್ನೇ ಕೇಳುತ್ತಿದ್ದರು. ಒಮ್ಮೆ ಅವಳು ಚಾಚಿದ ಬಿಸ್ಕತ್ತಿನ ಪೊಟ್ಟಣ ಅವರ ಮುಂದೆಯೇ ಇದ್ದರೂ ತೆಗೆದುಕೊಂಡಿರಲಿಲ್ಲ. ಜಂಬ ಎಂದುಕೊಂಡಿದ್ದಳು. ಕಣ್ಣಿನ ಡ್ರಾಪ್ಸ್‌ಗೆ ಬರುವ ಮುದುಕರನ್ನು ದಿನವೂ ನೋಡುವ ಅವಳಿಗೆ, ಎದುರು ಕೂತವರ ಕಣ್ಣು ಗೊತ್ತಾಗಲಿಲ್ಲ.

ಎರಡು ಸಲ ಫೋನ್ ಮಾಡಿದಳು, ಅವರು ತೆಗೆಯಲಿಲ್ಲ. ಗುರುವಾರ ಅಂಗಡಿ ನೋಡಿಕೊಳ್ಳಲು ಅಣ್ಣನಿಗೆ ಹೇಳಿ ಶೃಂಗೇರಿಗೆ ಹೋದಳು. ಪ್ರೆಸ್ಸಿನಲ್ಲಿ ವಿಚಾರಿಸಿದರೆ, ಅವರು ಈಗ ಮನೆಯಿಂದಲೇ ಕೆಲಸ ಮಾಡುತ್ತಾರೆ ಎಂದು ವಿಳಾಸ ಹೇಳಿದರು. ಒಂದು ಪಾತ್ರೆ ಅಂಗಡಿಯ ಮಹಡಿಯ ಮೇಲೆ ಎರಡು ಕೋಣೆಯ ಬಾಡಿಗೆ ಮನೆ. ಮೆಟ್ಟಿಲು ಹತ್ತುವಾಗಲೇ ಒಳಗಿನಿಂದ ಹೆಂಗಸಿನ ದನಿ ಕೇಳಿತು. "ಧರ್ಮದ 'ಧ' ಮಹಾಪ್ರಾಣ. ಆಮೇಲೆ ರ್ಮ. ಆಮೇಲೆ ಪೂರ್ಣವಿರಾಮ ಕಾಣ್ತಿಲ್ಲೆ."

"ಹಾಕು," ಎಂದರು ವಿದ್ಯಾಶಂಕರ.

ಬಾಗಿಲು ತೆಗೆದದ್ದು ಅವರ ಹೆಂಡತಿ ಗಂಗಾಲಕ್ಷ್ಮಿ, ಕೈಯಲ್ಲಿ ಕೆಂಪು ಪೆನ್ನು ಹಿಡಿದುಕೊಂಡೇ. ತಸ್ಮಿಯಾ ಹೆಸರು ಹೇಳಿದ್ದೇ ಅವರ ಮುಖ ಇಳಿದುಹೋಯಿತು. ಹೊರಗೆ ಬಂದು ಬಾಗಿಲು ಮುಂದೆ ಮಾಡಿ, ತಗ್ಗಿದ ದನಿಯಲ್ಲಿ ಹೇಳಿದರು:

"ಸಿನಿಮಾ ಬಗ್ಗೆ ಜಗಳ ಆಡೋ ಕೂಸು ನೀನೇ ಅಲ್ದಾ? ತಪ್ಪು ನಂದು ಮಾರಾಯ್ತಿ. ಅವ್ರು, ಕೊನೆಗೆ ಮಾತೇ ಇಲ್ಲೆ, ಎಂತ ಆಯ್ತು ನೋಡಿ ಹೇಳು ಅಂತ ನನ್ನ ಕೂರ್ಸಿದ್ರು. ನಂಗೆ ಅಂಥದ್ದು ನೋಡೋಕೆ ಆಗ್ತಿಲ್ಲೆ. ಕಣ್ಣು ಮುಚ್ಕೊಂಡಿದ್ದೆ. ಬಾಗ್ಲು ತೆಗ್ದ ಸದ್ದು ಕೇಳಿ, ಅವ ಹೊರಗೆ ಹೋದ ಅಂತ ಹೇಳ್ಬಿಟ್ಟೆ. ಅವ್ರು ಅದನ್ನೇ ನಂಬ್ಕೊಂಡು ಅಲ್ಲಿಗೆ ಬಂದ್ರು."

ತಸ್ಮಿಯಾ ಅವರ ಕೈಯಲ್ಲಿದ್ದ ಕೆಂಪು ಪೆನ್ನು ನೋಡಿದಳು. "ಪ್ರೆಸ್ಸಿನವರಿಗೆ ಗೊತ್ತಿಲ್ವಾ ಅಕ್ಕಾ?"

"ಇಲ್ಲೆ. ಎಂಟು ತಿಂಗ್ಳಿಂದ ನಾನು ಓದೋದು, ಅವ್ರು ಹೇಳೋದು, ನಾನು ತಿದ್ದೋದು."

ಒಳಗೆ ವಿದ್ಯಾಶಂಕರ ಕಿಟಕಿಯ ಬಳಿ ಕೂತಿದ್ದರು. ಕಿಟಕಿಯ ಕಟ್ಟೆಯ ಮೇಲೆ ಎರಡು ಸಣ್ಣ ಡ್ರಾಪ್ಸ್ ಬಾಟಲಿ. ಲೇಬಲ್ ಓದದೆಯೇ ತಸ್ಮಿಯಾಳಿಗೆ ಅವು ಯಾವುವೆಂದು ಗೊತ್ತಾಯಿತು. ಗ್ಲಾಕೋಮಾ. ಹೋದ ದೃಷ್ಟಿಯನ್ನು ಅವು ತಂದುಕೊಡುವುದಿಲ್ಲ, ಉಳಿದದ್ದನ್ನು ಹಿಡಿದಿಟ್ಟರೆ ಹೆಚ್ಚು.

"ನನ್ನ ಕ್ಷಮಿಸಿ ವಿದ್ಯಣ್ಣ. ಎಲ್ಲರ ಎದುರು ಹಾಗೆ ಕೇಳ್ಬಾರ್ದಿತ್ತು."

"ಕೇಳಿದ್ದು ಸರಿಯಾಗೇ ಇತ್ತು. ನಾನಾದ್ರೂ ಹಾಗೇ ಕೇಳ್ತಿದ್ದೆ." ಅವರು ದನಿ ಬಂದ ಕಡೆ ಮುಖ ತಿರುಗಿಸಿದರು, ಆದರೆ ಒಂದಿಷ್ಟು ಆಚೆಗೆ. "ಪೂರ್ತಿ ಕತ್ತಲೆ ಅಲ್ಲ ಇನ್ನೂ. ನಡುವೆ ಒಂದು ರೂಪಾಯಿಯಷ್ಟು ಜಾಗ ಉಳಿದಿದೆ. ಅದ್ರಲ್ಲಿ ನಿನ್ನ ದುಪಟ್ಟಾದ ತುದಿ ಮಸುಕಾಗಿ ಕಾಣ್ತಿದೆ. ಶಿವಮೊಗ್ಗದ ಡಾಕ್ಟ್ರು ಅದೂ ಎಷ್ಟು ದಿನವೋ ಅಂದಿದ್ದಾರೆ. ಬಂದವಳು ಬಂದಿದ್ದೀಯ, ಆ ಏಳು ನಿಮಿಷ ಹೇಳು ನೋಡುವ."

ಅವಳು ಹೇಳಿದಳು. ಮುದುಕ ಬಾಗಿಲಿಗೆ ಬೆನ್ನು ಮಾಡಿ ಕುರ್ಚಿಯಲ್ಲಿ ಕೂತಿದ್ದಾನೆ. ಅವನ ಹಿಂದೆ ಗೂಟಕ್ಕೆ ತೂಗಿಸಿದ ಅವನದೇ ಕಂದು ಕೋಟು. ಮೊದಲು ಅದರ ಒಂದು ತೋಳು ತುಂಬಿಕೊಳ್ಳುತ್ತದೆ.

"ತುಂಬಿಕೊಳ್ತದೆ ಅಂದ್ರೆ? ಗಾಳಿ ಹೊಕ್ಕ ಹಾಗಾ, ಕೈ ತೂರಿಸಿದ ಹಾಗಾ?"

"ಕೈ ತೂರಿಸಿದ ಹಾಗೆ. ಮೊಣಕೈ ಹತ್ರ ಸ್ವಲ್ಪ ತಡೀತದೆ, ಆಮೇಲೆ ಮುಂದೆ ಹೋಗ್ತದೆ."

"ಹ್ಞೂಂ."

ಆಮೇಲೆ ಇನ್ನೊಂದು ತೋಳು. ಭುಜ ಏಳುತ್ತದೆ. ಕೋಟು ಗೂಟದಿಂದ ಇಳಿದು ನಿಲ್ಲುತ್ತದೆ. ಅದರ ಕಾಲರಿನ ಮೇಲೆ ಏನೂ ಇಲ್ಲ. ಅದು ಮುದುಕನ ತಲೆಯ ಮೇಲೆ ಬಾಗಿ, ಬಹಳ ಹೊತ್ತು ಹಾಗೇ ಇದ್ದು, ತಿರುಗಿ, ಬಾಗಿಲು ತೆಗೆದು ಹೊರಗೆ ಹೋಗುತ್ತದೆ. ಹೊರಗೆ ಹಿಮ, ಬೆಳಕು. ಮುದುಕ ಕುರ್ಚಿಯಲ್ಲೇ ಇದ್ದಾನೆ. ಅವನ ಅಂಗಿಯೊಳಗೆ ಎದೆ ಇದ್ದ ಜಾಗ ಬಟ್ಟೆ ಇಳಿದುಹೋದಂತೆ ಒಳಕ್ಕೆ ಕುಸಿದಿದೆ.

ಗಂಗಾಲಕ್ಷ್ಮಿ ಎದ್ದು ಅಡುಗೆಮನೆಗೆ ಹೋಗಿಬಿಟ್ಟರು. ವಿದ್ಯಾಶಂಕರ ತೊಡೆಯ ಮೇಲೆ ಎರಡೂ ಕೈ ಒತ್ತಿಕೊಂಡು ಕೂತಿದ್ದರು.

"ಹೆದ್ರಿಕೆ ಆಯ್ತು," ಎಂದರು. "ಮೊದ್ಲು ಯಾಕೆ ಇವನ್ನೆಲ್ಲ ನೋಡ್ತಿದ್ದೆ ಗೊತ್ತುಂಟಾ? ಮುಗಿದ ಮೇಲೆ ಲೈಟ್ ಹಾಕ್ತೇವಲ್ಲ, ಅದ್ರ ಸುಖಕ್ಕೆ. ಮನೆ ಹಾಗೇ ಇರ್ತದೆ, ಮಂಚ, ಬಿಂದಿಗೆ, ಎಲ್ಲ ಇದ್ದಲ್ಲೇ ಇರ್ತದೆ. ಈಗ ಸಿನಿಮಾ ಮುಗೀತದೆ. ಲೈಟ್ ಹಾಕೋಕೆ ಆಗಲ್ಲ."

ಮುಂದಿನ ತಿಂಗಳು ಬರಬೇಕೆಂದು ತಸ್ಮಿಯಾ ಒತ್ತಾಯಿಸಿದಳು. ಅವರು ಒಪ್ಪಲಿಲ್ಲ. "ಬೇಡ. ನೀವೆಲ್ಲ ನನ್ನ ಕೈ ಹಿಡ್ದು ಬಸ್ ಹತ್ತಿಸ್ತೀರಿ. ಅನ್ವರ್ ಜೋರಾಗಿ ನಗೋದನ್ನೂ ಬಿಡ್ತಾನೆ. ಅಂಥಾ ಜಾಗಕ್ಕೆ ನಾನು ಬರಲ್ಲ."

ಏಪ್ರಿಲ್‌ನಲ್ಲಿ ಮೂವರೇ ಸೇರಿದರು. ಅನ್ವರ್ ಆರಿಸಿದ ಸಿನಿಮಾದಲ್ಲಿ ರಕ್ತ ಬೇಕಾದಷ್ಟಿತ್ತು. ಅದರ ಬಗ್ಗೆ ಮಾತಾಡಲು ಅವನಿಗೇ ಮನಸ್ಸಿರಲಿಲ್ಲ. "ನಾನು ಹಾಗೆ ನಗಬಾರ್ದಿತ್ತು," ಎಂದು ಎರಡು ಸಲ ಹೇಳಿದ. ಮೇ ತಿಂಗಳಲ್ಲಿ ಲೋಕೇಶನಿಗೆ ರಜೆ ಸಿಗಲಿಲ್ಲ. ಆಮೇಲೆ ಎರಡನೇ ಭಾನುವಾರ ಬಂದರೂ ಯಾರೂ ಯಾರನ್ನೂ ಕರೆಯಲಿಲ್ಲ.

ತಸ್ಮಿಯಾ ಮಾತ್ರ ಬಿಡಲಿಲ್ಲ. ವಾರಕ್ಕೊಂದು ಸಿನಿಮಾ ನೋಡಿ, ಅಂಗಡಿಯ ಹಿಂದಿನ ಸ್ಟೋರಿನಲ್ಲಿ ಔಷಧಿ ಪೆಟ್ಟಿಗೆಗಳ ನಡುವೆ ಕೂತು, ಕಂಡದ್ದನ್ನೆಲ್ಲ ಫೋನಿನಲ್ಲಿ ಹೇಳಿ ರೆಕಾರ್ಡ್ ಮಾಡಿ ಕಳಿಸಿದಳು. ಗಂಗಾಲಕ್ಷ್ಮಿ ಅದನ್ನು ಹಾಕಿ ಕೇಳಿಸುತ್ತಿದ್ದರು. ಉತ್ತರ ಬರುತ್ತಿತ್ತು, ವಿದ್ಯಾಶಂಕರರ ದನಿಯಲ್ಲೇ. "ಕತ್ತಲೆ ಅಂತ ಆರು ಸಲ ಹೇಳಿದೆ ಮಾರಾಯ್ತಿ. ಯಾವ ಕತ್ತಲೆ? ಮಂಚದ ಅಡಿಯದ್ದಾ, ಬಾಯೊಳಗಿನದ್ದಾ? ಸರಿಯಾಗಿ ನೋಡು." ಅವಳು ಮತ್ತೆ ನೋಡುತ್ತಿದ್ದಳು. ಮೂರು ತಿಂಗಳು ಹಾಗೆ ನಡೆಯಿತು. ಉತ್ತರಗಳು ಗಿಡ್ಡವಾದವು. ಒಂದು ವಾರ "ಕೇಳಿದೆ" ಎಂಬ ಒಂದೇ ಮಾತು ಬಂತು. ಅದರ ಮುಂದಿನ ವಾರ ಏನೂ ಬರಲಿಲ್ಲ.

ಆಗಸ್ಟ್‌ನಲ್ಲಿ ಗಂಗಾಲಕ್ಷ್ಮಿ ಫೋನ್ ಮಾಡಿದರು. ಆ ರೂಪಾಯಿಯಷ್ಟು ಜಾಗವೂ ಮುಚ್ಚಿಹೋಗಿತ್ತು. ಪ್ರೆಸ್ಸಿನವರಿಗೆ ವಿದ್ಯಾಶಂಕರರೇ ಹೇಳಿ ಕೆಲಸ ಬಿಟ್ಟಿದ್ದರು. ಪ್ರೆಸ್ಸಿನವರು ಒಳ್ಳೆಯ ಮಾತಾಡಿಯೇ ಕಳಿಸಿದರಂತೆ. "ಸಿನಿಮಾ ಬೇಡ ಅಂತಾರೆ. ನಿಂಗೆ ಮಾತ್ರ ಒಂದು ಸಲ ಬರೋಕೆ ಹೇಳು ಅಂದ್ರು. ಬತ್ತೆಯಾ?"

ಅವಳು ಮರುದಿನವೇ ಹೋದಳು. ವಿದ್ಯಾಶಂಕರ ಕ್ಷೌರ ಮಾಡಿಸಿರಲಿಲ್ಲ, ಮೈ ಇಳಿದಿತ್ತು. ಕಿಟಕಿಯ ಕಟ್ಟೆಯ ಮೇಲೆ ಈಗ ಬಾಟಲಿಗಳಿರಲಿಲ್ಲ. ಹೆಂಡತಿ ಒಳಗೆ ಪಾತ್ರೆ ತೊಳೆಯುವ ಸದ್ದು ಕೇಳುವವರೆಗೆ ಅವರು ಕಾದರು. ಆಮೇಲೆ ಕೇಳಿದರು:

"ನೀನು ನೋಡಿ ಸರಿಯಾಗಿ ಹೇಳ್ತಿ, ಅದಕ್ಕೆ ಕರೆದದ್ದು. ಅವಳು ಹೇಗಿದ್ದಾಳೆ ಈಗ? ಕೇಳಿದ್ರೆ, ನಂಗೆಂತ ಆಗಿದೆ, ಚೆನ್ನಾಗೇ ಇದ್ದೇನೆ ಅಂತಾಳೆ. ನಾನು ಪೂರ್ತಿ ಮುಖ ನೋಡಿ ಒಂದು ವರ್ಷದ ಮೇಲಾಯ್ತು."

ತಸ್ಮಿಯಾ ಎದ್ದು ಅಡುಗೆಮನೆಯ ಬಾಗಿಲಲ್ಲಿ ನಿಂತಳು. ಗಂಗಾಲಕ್ಷ್ಮಿ ಬೆನ್ನು ಮಾಡಿ ನಿಂತಿದ್ದರು. ಕುಡಿಯಲು ನೀರು ಬೇಕೆಂದಳು. ಅವರು ತಿರುಗಿ ಲೋಟ ಕೊಡುವಷ್ಟು ಹೊತ್ತು ನೋಡಿದಳು, ಬಂದು ಕೂತಳು.

"ಕಿವಿ ಮೇಲಿನ ಕೂದಲು ಪೂರ್ತಿ ಬೆಳ್ಳಗಾಗಿದೆ," ಎಂದಳು. "ಕೆನ್ನೆ ಒಳಗೆ ಹೋಗಿದೆ. ಬಳೆ ಮೊಣಕೈ ತನಕ ಜಾರ್ತದೆ. ಕನ್ನಡಕ ಹಾಕಿದ್ದಾರೆ, ಒಂದು ಕಡೆ ದಾರ ಕಟ್ಟಿದೆ."

"ಕನ್ನಡಕ? ಯಾವಾಗ ಹಾಕಿದ್ಳು? ಅಷ್ಟೆಲ್ಲ ಓದಿ ಓದಿ... ಕಣ್ಣು?"

ತಸ್ಮಿಯಾ ಸುಳ್ಳು ಹೇಳಬಹುದಿತ್ತು. ಅವರು ಕರೆದದ್ದು ಅದಕ್ಕಲ್ಲ.

"ಕೆಂಪಾಗಿವೆ. ಕೆಳಗೆ ಕಪ್ಪಾಗಿದೆ. ಅತ್ತಿರೋ ಹಾಗೆ ಕಾಣ್ತದೆ, ಇವತ್ತಿಂದು ಅಲ್ಲ, ಬಹಳ ದಿನದಿಂದ."

ವಿದ್ಯಾಶಂಕರ ತಲೆಯಾಡಿಸಿದರು. ಕೆಳಗಿನ ಅಂಗಡಿಯಲ್ಲಿ ಯಾರೋ ಹಂಡೆ ಬಡಿದು ನೋಡುತ್ತಿದ್ದರು. ಕಡೆಗೆ ಅವರು ಅಡುಗೆಮನೆಯ ಕಡೆ ಮುಖ ಮಾಡಿ ಕರೆದರು:

"ಗಂಗಾ, ಪಾತ್ರೆ ಆಮೇಲೆ ತೊಳೆದ್ರಾಯ್ತು. ಇಲ್ಲಿ ಬಂದು ಸ್ವಲ್ಪ ಕೂತ್ಕೋ."

"ಎಂತ ಬೇಕಿತ್ತು?"

"ಎಂತದೂ ಬೇಡ. ಸುಮ್ನೆ ಕೂತ್ಕೋ."

ಗಂಗಾಲಕ್ಷ್ಮಿ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ಬಂದರು. ಏನೋ ಆಗಿದೆ ಎಂಬಂತೆ ಇಬ್ಬರ ಮುಖವನ್ನೂ ನೋಡಿ, ಮಂಚದ ಅಂಚಿನಲ್ಲಿ, ಕರೆದರೆ ತಕ್ಷಣ ಏಳುವವರ ಹಾಗೆ ಕೂತರು. ವಿದ್ಯಾಶಂಕರ ಕೈ ಚಾಚಿ ತಡಕಾಡಿದರು. ಮೊದಲು ಹಾಸಿಗೆ ಸಿಕ್ಕಿತು, ಆಮೇಲೆ ಗಂಗಾಲಕ್ಷ್ಮಿಯ ಮೊಣಕೈಯಲ್ಲಿ ಸಿಕ್ಕಿಕೊಂಡಿದ್ದ ಬಳೆ.

ತಸ್ಮಿಯಾ ಚಪ್ಪಲಿ ಮೆಟ್ಟಿಕೊಂಡು ಮೆಟ್ಟಿಲಿಳಿದಳು. ಕೊಪ್ಪದ ಬಸ್ಸಿಗೆ ಇನ್ನೂ ಮುಕ್ಕಾಲು ಗಂಟೆಯಿತ್ತು.