ದಾಕ್ಷಿಣ್ಯದ ದೋಣಿ

ಮೋಡ ಕನ್ನಡಕದಂಗಡಿಯವನ ಕಣ್ಣಿಗೆ ಬಿದ್ದಾಗ ಮಧ್ಯಾಹ್ನ ಮೂರು ಗಂಟೆ. ಸರೋವರದ ಪಡುವಣ ದಡದಾಚೆ ಅದು ಹೂಕೋಸಿನ ಹಾಗೆ ಗುಪ್ಪೆಗುಪ್ಪೆಯಾಗಿ ಮೇಲೇಳುತ್ತಿತ್ತು. ಹದಿನೆಂಟು ವರ್ಷದಿಂದ ಭಾನುವಾರ ತಪ್ಪದೆ ದೋಣಿ ಬಿಟ್ಟವನಿಗೆ ಅದರ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಗಾಳಿ ಪೂರಾ ನಿಂತಿದೆ, ಸೆಕೆ ತಡೆಯಲಾಗುತ್ತಿಲ್ಲ, ಮೋಡ ಅಗಲವಾಗುವ ಬದಲು ಎತ್ತರವಾಗುತ್ತಿದೆ. ಅಂದರೆ ಗಂಟುಮೂಟೆ ಕಟ್ಟಿಕೊಂಡು ಮನೆ ದಾರಿ ಹಿಡಿ ಎಂದರ್ಥ. ಬೇರೆ ದಿನವಾಗಿದ್ದರೆ ಅಷ್ಟು ಹೊತ್ತಿಗೆ ಎಂಜಿನ್ ಶುರುವಾಗಿರುತ್ತಿತ್ತು.

ಆದರೆ ಇವತ್ತು ದೋಣಿಯಲ್ಲಿ ಬೀಗರಿದ್ದರು.

ಬೀಗರೆಂದರೆ ಮಗಳ ಮಾವ, ನಿವೃತ್ತ ಪೋಸ್ಟ್‌ಮಾಸ್ತರು. ಮದುವೆಯಾಗಿ ಒಂದು ವರ್ಷದ ಮೇಲೆ ಮೊದಲ ಸಲ ಸೊಸೆಯನ್ನು ಕರೆದುಕೊಂಡು ಬಂದಿದ್ದರು. ತನ್ನ ಒಬ್ಬಳೇ ಮಗಳ ಸುಖವೆಲ್ಲ ಇವರ ಪ್ರಸನ್ನ ಮುಖದಲ್ಲಿದೆ ಎಂದು ಅಂಗಡಿಯವನು ನಂಬಿದ್ದ. ಹಾಗಾಗಿ ಬೆಳಿಗ್ಗೆಯಿಂದ ಅವರು ಕೂತಲ್ಲಿಗೆ ದಿಂಬು, ಎದ್ದಲ್ಲಿಗೆ ಚಪ್ಪಲಿ, ಕೆಮ್ಮಿದರೆ ನೀರು. ಈಗ ಅವರು ಗಾಳ ಹಾಕಿ ಕೂತಿದ್ದಾರೆ, ಬೆರಳುದ್ದದ ಎರಡು ಮೀನೂ ಬಿದ್ದಿವೆ. ಇಂಥ ಹೊತ್ತಿನಲ್ಲಿ ಹೊರಡೋಣ ಎನ್ನುವುದು ಹೇಗೆ? ಊಟಕ್ಕೆ ಕೂತವರನ್ನು ಎಬ್ಬಿಸಿದ ಹಾಗಾಗುವುದಿಲ್ಲವೇ?

"ಸೆಕೆ ಜಾಸ್ತಿ ಆಯ್ತೇನೋ ಬೀಗರೇ?" ಎಂದ. ಅವನ ಪಾಲಿಗೆ ಇದೇ ಎಚ್ಚರಿಕೆ.

"ಛೇ ಛೇ, ಹಾಯಾಗಿದೆ," ಎಂದರು ಪೋಸ್ಟ್‌ಮಾಸ್ತರು, ಕುತ್ತಿಗೆಯ ಬೆವರು ಒರೆಸಿಕೊಳ್ಳುತ್ತ. "ನಿಮಗೇನಾದ್ರೂ ಅಂಗಡಿ ಕೆಲಸ ಇತ್ತಾ?"

"ಅಯ್ಯೋ, ಭಾನುವಾರ ಎಂಥ ಅಂಗಡಿ!"

ದಾಕ್ಷಿಣ್ಯಕ್ಕೆ ಬಸಿರಾಗುವುದು ಅಂತಾರಲ್ಲ, ಅದು ಇದೇ. ಮಗಳು ಮುಂದಿನ ಹಲಗೆಯ ಮೇಲೆ ಮೊಣಕಾಲು ತಬ್ಬಿಕೊಂಡು, ತುಟಿ ಪಿಟಕ್ಕೆನ್ನದೆ ಕೂತಿದ್ದಳು. ಎಷ್ಟು ತಗ್ಗಿಬಗ್ಗಿ ನಡೆಯುತ್ತಾಳೆ ಎಂದು ಅಪ್ಪನಿಗೆ ಹೆಮ್ಮೆಯೇ ಆಯಿತು.

ಮೂರೂಕಾಲಿಗೆ ಮೋಡದ ನೆತ್ತಿ ಚಪ್ಪಟೆಯಾಗಿ ಸರೋವರದ ಕಡೆಗೆ ಚಾಚಿಕೊಂಡಿತು. ಬುಡ ಕಪ್ಪಾಯಿತು. ಪಕ್ಕದ ಮನೆಯಲ್ಲಿ ಮಂಚ ಎಳೆದ ಹಾಗೆ ದೂರದಲ್ಲೊಂದು ಗುಡುಗು. ಗುಡುಗು ಕಿವಿಗೆ ಬಿತ್ತೆಂದರೆ ಸಿಡಿಲೂ ದೂರವಿಲ್ಲ ಎಂಬುದು ಅವನಿಗೆ ಗೊತ್ತು.

"ಇನ್ನೊಂದು ಮೀನು ಸಿಕ್ಕಿದ ಮೇಲೆ ಹೊರಡೋಣ್ವಾ?" ಎಂದ.

"ನಿಮ್ಮಿಷ್ಟ. ನನಗೇನೂ ಅವಸರ ಇಲ್ಲ."

ಆ ಇನ್ನೊಂದು ಮೀನು ಸಿಗಲಿಲ್ಲ. ಮೂರೂವರೆಗೆ ಫ್ರಿಜ್ಜಿನ ಬಾಗಿಲು ತೆಗೆದ ಹಾಗೆ ತಣ್ಣನೆ ಗಾಳಿ ಬೆನ್ನಿಗೆ ಬಡಿಯಿತು. ಆಗ ದಾಕ್ಷಿಣ್ಯವೆಲ್ಲ ಹಾರಿಹೋಗಿ, ಅವನು ಎಂಜಿನ್ನಿನ ಹಗ್ಗ ಜಗ್ಗಿ ದೋಣಿಯನ್ನು ಮನೆ ಕಡೆ ತಿರುಗಿಸಿದ. ಅದೇ ಇನ್ನೊಂದು ತಪ್ಪು. ಮನೆಗೆ ಮೂರು ಕಿಲೋಮೀಟರ್ ಬಯಲು ನೀರು, ಅಲೆಗಳು ಬಲಮಗ್ಗುಲಿಗೆ ಬಂದು ಅಪ್ಪಳಿಸುತ್ತಿವೆ. ಎರಡನೇ ಅಲೆ ಅಂಚು ದಾಟಿ ಒಳಗೇ ಬಂತು. ಪೋಸ್ಟ್‌ಮಾಸ್ತರು ಗಾಬರಿಯಲ್ಲಿ ಗಾಳದ ಕೋಲು ಹಿಡಿದುಕೊಂಡೇ ಎದ್ದು ನಿಂತರು. ದೋಣಿ ವಾಲಿತು.

"ಮಾವ, ಕೂತ್ಕೊಳ್ಳಿ!" ಮಗಳು ಕಿರುಚಿದಳು. "ಹಲಗೆ ಮೇಲಲ್ಲ, ಕೆಳಗೆ! ಆ ಕೋಲು ಬಿಸಾಕಿ!"

ಮೂವತ್ತು ವರ್ಷ ಇನ್ನೊಬ್ಬರನ್ನು ಗದರಿಸಿಕೊಂಡೇ ಬಂದ ಪೋಸ್ಟ್‌ಮಾಸ್ತರು ಕೋಲು ಎಸೆದು ದೋಣಿಯೊಳಗಿನ ನೀರಿನಲ್ಲೇ ಧೊಪ್ಪನೆ ಕೂತರು.

"ಅಪ್ಪ, ಮನೆ ಕಡೆ ಬೇಡ, ಮುಟ್ಟಲ್ಲ! ಬಲಕ್ಕೆ ತಿರುಗ್ಸು, ಜೊಂಡಿನ ದಡ ಹತ್ರ ಇದೆ. ಅಲೆಗೆ ಮೂತಿ ಓರೆ ಕೊಡು. ಇನ್ನೂ ಸ್ವಲ್ಪ! ಹಾಂ, ಹಾಗೇ!"

ಕನ್ನಡಕದ ಮೇಲೆ ನೀರು ಸುರಿದು ಅವನಿಗೆ ಏನೂ ಕಾಣುತ್ತಿರಲಿಲ್ಲ. ಮಗಳ ದನಿ ಹೇಳಿದ ಕಡೆಗೆ ಚುಕ್ಕಾಣಿ ತಿರುಗಿಸಿದ, ಅಷ್ಟೇ. ಅವಳು ಡಬ್ಬದಲ್ಲಿ ನೀರು ಮೊಗೆದು ಹೊರಗೆಸೆಯುತ್ತಲೇ ದಾರಿ ಹೇಳಿದಳು. ದೋಣಿ ಜೊಂಡಿಗೆ ನುಗ್ಗಿ ನಿಂತಾಗ ಆಲಿಕಲ್ಲು ಶುರುವಾಯಿತು. ದಡದಲ್ಲಿದ್ದ ಒಂಟಿ ಮರದ ಹತ್ತಿರ ಯಾರನ್ನೂ ಹೋಗಗೊಡದೆ, ಇಬ್ಬರನ್ನೂ ತಗ್ಗಿನಲ್ಲಿ ದೂರದೂರ ಕುಕ್ಕರುಗಾಲಲ್ಲಿ ಕೂರುವಂತೆ ಮಾಡಿದವಳೂ ಅವಳೇ.

ಮಳೆ ತಗ್ಗಿದ ಮೇಲೆ ಹತ್ತಿರ ಸರಿದು ಕೂತರು. ಪೋಸ್ಟ್‌ಮಾಸ್ತರು ಗಂಟಲು ಸರಿಮಾಡಿಕೊಂಡರು. "ತಪ್ಪು ತಿಳ್ಕೋಬೇಡಿ ಬೀಗರೇ. ಆ ಮೋಡ ನಾನು ಆಗ್ಲೇ ನೋಡಿದ್ದೆ. ಜೀವ ಪುಕುಪುಕು ಅಂತಿತ್ತು. ನೀವು ಅಷ್ಟು ಆಸೆಯಿಂದ ಕರ್ಕೊಂಡು ಬಂದಿದ್ರಲ್ಲ, ಬೇಜಾರು ಮಾಡ್ಕೋತೀರೇನೋ ಅಂತ..."

"ನಾನೂ ನೋಡಿದ್ದೆ! ನಿಮಗೆ ಮೀನು ಸಿಗ್ತಿದೆಯಲ್ಲ ಅಂತ..."

"ಮೀನು ತಗೊಂಡು ಏನ್ ಮಾಡ್ಲಿ? ನಾನು ಮೀನು ತಿನ್ನೋದೇ ಇಲ್ಲ."

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಬದುಕಿ ಬಂದವರ ನಗು ಅದು. ಮಗಳು ನಗಲಿಲ್ಲ.

"ನಿಮ್ಮಿಬ್ಬರಿಗಿಂತ ಮುಂಚೆ ನೋಡಿದ್ದು ನಾನು," ಎಂದಳು.

"ಮತ್ಯಾಕೆ ಹೇಳ್ಲಿಲ್ಲ?" ಅಪ್ಪನ ದನಿ ಏರಿತು. "ಪ್ರಾಣ ಹೋಗೋ ವಿಷಯ!"

"ಹೇಳ್ಬೇಡ ಅಂದೋನು ನೀನೇ. ಹೋದ ಮನೇಲಿ ದೊಡ್ಡವರ ನಡುವೆ ಬಾಯಿ ಹಾಕ್ಬೇಡ, ಕೇಳಿದ್ರೆ ಮಾತ್ರ ಮಾತಾಡು ಅಂತ. ಯಾರೂ ಕೇಳ್ಲಿಲ್ಲ."

ಹೇಳಿದ್ದು ನಿಜ. ಎಂಟು ವರ್ಷದವಳಿದ್ದಾಗ ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಮೋಡ ಓದುವುದನ್ನು ಕಲಿಸಿದವನೂ ಅವನೇ, ಕಲಿತದ್ದನ್ನು ಬಾಯಿಬಿಡಬೇಡ ಎಂದವನೂ ಅವನೇ. ಅಭ್ಯಾಸಬಲದಿಂದ ಮೊದಲು ಬೀಗರ ಮುಖ ನೋಡಿದ. ಹಾಗೆ ನೋಡಿದ್ದಕ್ಕೆ ತನ್ನ ಮೇಲೆ ತನಗೇ ಹೇಸಿಗೆಯಾಯಿತು.

"ತಪ್ಪಾಯ್ತು ಮಗಳೇ," ಎಂದ, ಬೀಗರ ಎದುರಿಗೇ. ಆಮೇಲೆ, ಒಂದು ವರ್ಷದಿಂದ ಫೋನಿನಲ್ಲಿ ಕೇಳಿ ಕೇಳಿ ಸವೆದುಹೋಗಿದ್ದ ಮಾತನ್ನೇ ಈಗ ಹೆದರುತ್ತ ಕೇಳಿದ: "ಅಲ್ಲಿ ಹೇಗಿದ್ದೀಯ ನೀನು?"

ಅವಳು ಜೊಂಡಿನ ಕಡೆ ನೋಡುತ್ತ ಹೇಳಿದಳು: "ಯಾರೂ ಕೆಟ್ಟವರಲ್ಲ ಅಪ್ಪ. ಯಾವುದಕ್ಕೂ ಕಡಿಮೆ ಇಲ್ಲ. ಆದ್ರೆ ಒಂದು ವರ್ಷದಿಂದ ಆ ಮನೇಲಿ ನನ್ನನ್ನ ಯಾರೂ ಏನೂ ಕೇಳಿಲ್ಲ."

ಪೋಸ್ಟ್‌ಮಾಸ್ತರು ತಮ್ಮ ಒದ್ದೆ ಚಪ್ಪಲಿ ನೋಡುತ್ತ ಕೂತೇ ಇದ್ದರು. ಮಳೆ ಪೂರ್ತಿ ನಿಂತಿತು, ಸರೋವರದ ನಡುವೆ ಬಿಸಿಲೂ ಬಿತ್ತು. ಅವರು ತಲೆಯೆತ್ತಿ, ಬೀಗರನ್ನಲ್ಲ, ಸೊಸೆಯನ್ನು ಕೇಳಿದರು:

"ಈಗ ಹೊರಡಬಹುದೇನಮ್ಮ?"

ಅವಳು ಎದ್ದು ನಿಂತು ನಾಲ್ಕೂ ದಿಕ್ಕು ನೋಡಿದಳು, ಅವಸರ ಮಾಡದೆ.

"ಇಲ್ಲ ಮಾವ. ಕೊನೇ ಗುಡುಗು ಕೇಳಿ ಹತ್ತು ನಿಮಿಷಾನೂ ಆಗಿಲ್ಲ. ಅರ್ಧ ಗಂಟೆ ಕಳೀಲಿ."

"ಸರಿ," ಎಂದು ಪೋಸ್ಟ್‌ಮಾಸ್ತರು ಕೈಗಡಿಯಾರ ನೋಡಿಕೊಂಡರು. ಇಬ್ಬರು ಗಂಡಸರೂ ಒದ್ದೆ ಹುಲ್ಲಿನ ಮೇಲೆ ತೆಪ್ಪಗೆ ಕೂತು ಕಾದರು.