ಎರ್ರೆಪ್ಪ ತೋರಿಸದ ವಾಲ್ವ್

ಎರ್ರೆಪ್ಪ ಮೂವತ್ತೆರಡು ವರ್ಷ ಕುರುಗೋಡಿನಲ್ಲಿ ವಾಟರ್‌ಮ್ಯಾನ್ ಆಗಿದ್ದ. ನೆಲದೊಳಗಿನ ಐವತ್ಮೂರು ವಾಲ್ವ್‌ಗಳೂ ಅವನಿಗೆ ಬಾಯಿಪಾಠ. ಯಾವುದು ಎಷ್ಟು ಸುತ್ತು ತಿರುಗುತ್ತದೆ, ಯಾವುದು ಮೊಂಡು ಹಿಡಿಯುತ್ತದೆ, ಎಲ್ಲ ಗೊತ್ತು. "ಎರ್ರೆಪ್ಪ ಮರ್ತ ಅಂತ ಯಾರರ ಅನ್ಲಿ ನೋಡಾನ" ಎಂಬುದೇ ಅವನ ಜಂಭ. ಆ ಜಂಭ ಸುಳ್ಳೇನೂ ಆಗಿರಲಿಲ್ಲ.

ನಿವೃತ್ತಿಗೆ ಒಂದು ತಿಂಗಳಿರುವಾಗ ಬಳ್ಳಾರಿಯಿಂದ ಶೈಲಜಾ ಎಂಬ ಎಂಜಿನಿಯರ್ ಬಂದಳು. ವಾಲ್ವ್‌ಗಳನ್ನೆಲ್ಲ ಮೊಬೈಲ್ ಮ್ಯಾಪಿಗೆ ಏರಿಸುವುದು ಅವಳ ಕೆಲಸ. ಎರ್ರೆಪ್ಪ ಅವಳನ್ನು ಓಣಿ ಓಣಿ ತಿರುಗಿಸಿದ. ಅವಳು "ಹೌದೇನ್ರಿ?" ಎನ್ನುತ್ತ ಬರೆದುಕೊಳ್ಳುವಾಗ ಅವನಿಗೆ ಬಲು ಹಿಗ್ಗು. ಹೆಂಡತಿ ಸಾವಂತ್ರಮ್ಮ ತೀರಿಕೊಂಡ ಮೇಲೆ ಅವನ ಮಾತನ್ನು ಇಷ್ಟು ಕಿವಿಗೊಟ್ಟು ಕೇಳಿದವರೇ ಇರಲಿಲ್ಲ.

ಐವತ್ತೆರಡಾದವು. ಕೊನೆಯದು ಮುದುಕಿ ಯಂಕಮ್ಮನ ಮನೆಯ ಮುಂದೆ, ಎರಡು ವರ್ಷದ ಹಿಂದೆ ಹಾಕಿದ ಸಿಮೆಂಟ್ ರಸ್ತೆಯ ಕೆಳಗೆ ಮುಚ್ಚಿಹೋಗಿತ್ತು. ಅದರ ಮೇಲೆ ನಿಂತುಕೊಂಡೇ, "ಮುಗದ್ವು ನೋಡವ್ವ" ಎಂದುಬಿಟ್ಟ. ಒಂದಾದರೂ ಉಳಿದಿದ್ದರೆ ನಾಳೆ ತನಗೆ ಫೋನ್ ಬರುತ್ತದಲ್ಲ ಎಂಬ ಆಸೆ, ಪಾಪ.

ಬೀಳ್ಕೊಡುಗೆಯ ಹಾರ, ಶಾಲು, ಮೈಸೂರುಪಾಕು ಮುಗಿದ ಮೇಲೆ ಫೋನ್ ಮೂಕವಾಯಿತು. ಬೆಳಿಗ್ಗೆ ಐದಕ್ಕೇ ಎದ್ದು ಅಂಗಿ ತೊಟ್ಟು ಕೂರುವುದನ್ನು ಮಾತ್ರ ಅವನು ಬಿಡಲಿಲ್ಲ.

ಮೂರನೆಯ ತಿಂಗಳು ಯಂಕಮ್ಮನ ಓಣಿಗೆ ನೀರು ಬರುವುದು ನಿಂತಿತು. ಎರ್ರೆಪ್ಪ ಫೋನನ್ನು ಚಾರ್ಜಿಗೆ ಹಾಕಿ ಪಕ್ಕದಲ್ಲೇ ಕೂತ. ಒಂದು ದಿನವಾಯಿತು, ಎರಡು ದಿನವಾಯಿತು. ಹೊಸಬರು ಮ್ಯಾಪು ನೋಡಿ ನೋಡಿ ಅಲ್ಲಿ ಇಲ್ಲಿ ಅಗೆದರು. ಇವನನ್ನು ಕೇಳಬೇಕೆಂದು ಯಾರಿಗೂ ಹೊಳೆಯಲಿಲ್ಲ.

ಐದನೆಯ ದಿನ ಎಪ್ಪತ್ತು ದಾಟಿದ ಯಂಕಮ್ಮ ಕೊಡ ಹೊತ್ತು ಬಂದು, ಸುಧಾರಿಸಿಕೊಳ್ಳಲು ಅವನ ಕಟ್ಟೆಯ ಮೇಲೆ ಕೂತಳು.

"ನೀನಿದ್ದಾಗ ಹಿಂಗ ಆಗ್ತಿದ್ದಿಲ್ಲ ಬಿಡಪ್ಪ" ಎಂದಳು.

ಎರ್ರೆಪ್ಪನಿಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಅವಳು ಹೋದ ಮೇಲೆ ತಾನೇ ಶೈಲಜಾಗೆ ಫೋನ್ ಹಚ್ಚಿದ.

ರಸ್ತೆ ಒಡೆದರು. ವಾಲ್ವ್ ಕಸ ಸಿಕ್ಕಿ ಕಟ್ಟಿಕೊಂಡಿತ್ತು. ಎರ್ರೆಪ್ಪ ತಾನೇ ಗುಂಡಿಗಿಳಿದು ಹದಿನೇಳು ಸುತ್ತು ಹಿಂದೆ ಮುಂದೆ ಆಡಿಸಿದ. ನಳಗಳು ಕೆಮ್ಮಿ ಕೆಮ್ಮಿ ನೀರು ಬಿಟ್ಟವು. ಓಣಿಯವರೆಲ್ಲ ನೋಡುತ್ತಿದ್ದರು.

"ಇದನ್ನ ಅವತ್ತ ಯಾಕ ತೋರಿಸಲಿಲ್ರಿ?" ಶೈಲಜಾ ಕೇಳಿದಳು.

ಎರ್ರೆಪ್ಪ ಕೈಯ ಕೆಸರು ಒರೆಸಿಕೊಂಡ. "ಮರ್ತಿದ್ದೆನವ್ವ."

"ಇರ್ಲಿ ಬಿಡ್ರಿ, ವಯಸ್ಸಾತಲ್ಲ. ಅದಕ್ಕ ಎಲ್ಲಾ ಬರದಿಡಬೇಕು ಅನ್ನೋದು" ಎನ್ನುತ್ತ ಅವಳು ಮ್ಯಾಪಿನಲ್ಲಿ ಐವತ್ಮೂರನೆಯ ಗುರುತು ಒತ್ತಿದಳು.

ಓಣಿಯವರು ಹೌದೆಂದು ತಲೆಯಾಡಿಸಿದರು. ಎರ್ರೆಪ್ಪನೂ ಆಡಿಸಿದ.